ನಳ ಬಿಟ್ಟು ನೆರಳು ಹಿಡಿದದ್ದು

ಚಂದ್ರವ್ವ ಆ ಬಗೀಚೆಯನ್ನು ಮೊದಲು ಕಂಡದ್ದು ಘಾಟ್ಕೋಪರಿನಲ್ಲಿ ಬಾಡಿಗೆಗೆ ಖೋಲಿ ನೋಡಲು ಹೋದ ದಿನ. ಖೋಲಿಯನ್ನು ಆಕೆ ನೋಡಲೇ ಇಲ್ಲ. ಕಿಟಕಿಯಾಚೆ ಗುಲ್‌ಮೊಹರ್ ಮರಗಳು, ಹುಲ್ಲು, ಹುಲ್ಲಿನ ಸುತ್ತ ಬಳೆಯಂಥ ಗುಂಡನೆಯ ಹಾದಿ. ಪರೇಲಿನ ಚಾಳಿನಲ್ಲಿ ಆಕೆ ಅದುವರೆಗೆ ಕಂಡ ಹಸಿರೆಂದರೆ ಭಾಜಿಯವನ ಬುಟ್ಟಿಯ ಕೊತ್ತಂಬರಿ.

"ಜೋಗೇಶ್ವರಿ ಖೋಲ್ಯಾಗ ಒಳಗ ನಳ ಐತಿ," ಎಂದರು, ಹಿಂದಿನ ದಿನ ಅಲ್ಲೊಂದು ಖೋಲಿ ನೋಡಿ ಬಂದಿದ್ದ ಗಂಡ ಸಿದ್ದರಾಮಪ್ಪ. (ಕೆಲಸ ಗಿರಣಿಯ ಕಾರಕೂನಿಕೆ, ಮೀಸೆ ಮಾತ್ರ ಸಂಸ್ಥಾನಿಕರದು.) "ಇಲ್ಲಿ ನೀರಿಗೆ ಪಾಳಿ ಹಚ್ಚಬೇಕು. ಗಿಡಾ ಹಿಂಡಿ ಅನ್ನಾ ಕುದಸ್ತೀಯೇನು?"

"ಪಾಳಿ ಹಚ್ಚಾಕಿ ನಾ. ನಿಮಗೇನ್ರಿ ತ್ರಾಸ?"

"ಆತು. ಜೋಗೇಶ್ವರಿ ಮಾಲಕ ನಮ್ಮೂರಾಂವ, ಒಂದ ತಿಂಗಳ ತಡೀತಾನ. ಈ ತ್ವಾಟ ನನಗ ಒಗ್ಗಲಿಲ್ಲಂದ್ರ ಗಂಟು ಕಟ್ಟೋದು."

ಆದರೆ ಚಂದ್ರವ್ವ ಆಗಲೇ ಪರೇಲಿನ ಇಡೀ ಚಾಳಿಗೆ "ನಮ್ಮ ಬಾಗಲ ಮುಂದ ರಾಜರ ತ್ವಾಟ" ಎಂದು ಡಂಗುರ ಹೊಡೆದಾಗಿತ್ತು. ಇನ್ನು ಗಂಟು ಕಟ್ಟುವುದೆಂದರೆ ಮಾನ ಕಟ್ಟಿ ಅಟ್ಟಕ್ಕಿಟ್ಟಂತೆ.

ಹೊಸ ಖೋಲಿಗೆ ಬಂದ ಮೊದಲ ಸಂಜೆಯೇ ಸಂಕಟ. ಹೆಂಡತಿ ಗಂಡನ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆಯಬೇಕೆಂಬುದು ಅತ್ತೆಯ ಶಾಸನ. ಧಾರವಾಡದ ನೆಟ್ಟನೆಯ ರಸ್ತೆಗಳಲ್ಲಿ ಅದು ಸುಸೂತ್ರವಾಗಿ ನಡೆದಿತ್ತು. ಗುಂಡನೆಯ ಹಾದಿಯ ಬಗ್ಗೆ ಅತ್ತೆ ಏನೂ ಹೇಳಿರಲಿಲ್ಲ. ಬಿರುಸಾಗಿ ನಡೆದ ಸಿದ್ದರಾಮಪ್ಪನವರು ಇಡೀ ಬಗೀಚೆ ಸುತ್ತಿ, ಹೆಂಡತಿಯ ಬೆನ್ನಿಗೇ ಬಂದು ನಿಂತರು.

"ನೀವು ಮುಂದ ಹೋಗ್ರಿ."

"ಮುಂದ ಹೋದ್ರ ಮತ್ತ ನಿನ್ನ ಹಿಂದನ ಬರ್ತೀನಲ್ಲ. ಮಂದಿ ಏನಂದಾರು? ಜೋಗೇಶ್ವರಿನ ಛಲೋ."

ಮರುದಿನ ಚಂದ್ರವ್ವ ಉಪಾಯ ಹೂಡಿದಳು. ಅವರು ಬಲಕ್ಕೆ ಹೊರಟರೆ ತಾನು ಎಡಕ್ಕೆ. ಎದುರಾದಾಗಲೆಲ್ಲ ಸೆರಗು ಎಳೆದುಕೊಂಡು, ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುವುದು. ಈಗ ಯಾರೂ ಮುಂದಲ್ಲ, ಯಾರೂ ಹಿಂದಲ್ಲ. ತನ್ನ ಬುದ್ಧಿಗೆ ತಾನೇ ಬೀಗಿದಳು.

ಇದನ್ನೆಲ್ಲ ಬೆಂಚಿನಿಂದ ಒಬ್ಬರು ನೋಡುತ್ತಿದ್ದರು: ಉಡುಪಿ ಹೋಟೆಲಿನ ಯಜಮಾನರ ಹೆಂಡತಿ ವಾರಿಜಾ. ವಾರ ಕಳೆಯುವುದರೊಳಗೆ ಒಂದು ಸಂಜೆ ಬಗೀಚೆಯ ಮಾಲಿ, ಕೈಯಲ್ಲಿ ದೊಡ್ಡ ಕತ್ತರಿ ಹಿಡಿದು, ಸಿದ್ದರಾಮಪ್ಪನವರ ದಾರಿಗೆ ಅಡ್ಡ ನಿಂತ.

"ಹೆದರಬೇಡಿ ಮಾರಾಯ್ರೆ," ಎಂದು ವಾರಿಜಾ ಚಂದ್ರವ್ವನ ಕೈ ಹಿಡಿದರು. "ಈ ಮೀಸೆಯವರು ಸುತ್ತು ಸುತ್ತಿಗೂ ನಿಮ್ಮನ್ನೇ ನೋಡುದು, ನೀವು ಪಾಪ ಹೆದರಿ ಸರಿಯುದು. ನಾನೇ ಮಾಲಿಗೆ ಹೇಳಿದ್ದು."

ಮೀಸೆ ನಡುಗಿತು. "ನಾ ಯಾರಂತ ಹೇಳ ಇವರಿಗೆ. ಇಲ್ಲಂದ್ರ ನಾಳೆನ ಜೋಗೇಶ್ವರಿ."

"ಅವರು ನಮ್ಮ ಮನಿಯವರ್ರಿ," ಎಂದಳು ಚಂದ್ರವ್ವ. ಮರಾಠಿ ಮಾಲಿ ನಂಬಲಿಲ್ಲ. ಹಾಗಾದರೆ ಹೆಸರು ಹೇಳಿ ಎಂದ.

ಹೆಸರು. ಗಂಡನ ಹೆಸರನ್ನು ಬರಿದೇ ಹೇಳಿದರೆ ಅವರ ಆಯುಷ್ಯಕ್ಕೆ ಕೇಡು. ಪ್ರಾಸ ಕಟ್ಟಿ, ಒಡಪಿನೊಳಗೆ ಇಟ್ಟು ಹೇಳಬೇಕು. ಮದುವೆಯಲ್ಲಿ ಹೇಳಿದ ಒಡಪು ಎಂದೋ ಮರೆತಿತ್ತು. ಚಂದ್ರವ್ವ ಕಣ್ಣು ಮುಚ್ಚಿದಳು.

"ನಳಾ ಬಿಟ್ಟು ನೆಳ್ಳ ಹಿಡದೆ, ಗುಂಡನ್ನ ಹಾದಿ ನಡದೆ,
ಎಷ್ಟ ಸುತ್ತಿದ್ರೂ ಎದುರ ಬರೋ ಸಿದ್ದರಾಮಪ್ಪನವರನ್ನ ಪಡದೆ."

ಮಾಲಿಯ ಕತ್ತರಿ ಕೆಳಗಿಳಿಯಿತು. ಅವನ ಹೆಂಡತಿಯೂ ಅವನ ಹೆಸರು ಹೇಳುವುದು ಹೀಗೆಯೇ. ನಗುತ್ತ ಕೈಮುಗಿದ. ವಾರಿಜಾ ಹಣೆ ಚಚ್ಚಿಕೊಂಡು, "ಗಂಡನಾ? ಮತ್ತೆ ಪರಪುರುಷನನ್ನು ಕಂಡ ಹಾಗೆ ಸರಿಯುದು ಯಾಕೆ?" ಎಂದರು. ಬೆಂಚುಗಳ ಹೆಂಗಸರೆಲ್ಲ ಸುತ್ತ ಕೂಡಿ, ಇನ್ನೊಮ್ಮೆ ಹೇಳಿ ಎಂದರು. ಮೀಸೆಯ ಎರಡೂ ತುದಿ ಮೇಲೆದ್ದವು.

ಜೋಗೇಶ್ವರಿಯ ಖೋಲಿ ಬೇರೆಯವರ ಪಾಲಾಯಿತು. "ಮನಿ ಹಿಡಿಯೋದಂದ್ರ ಮೊದಲ ಬಗೀಚಾ ನೋಡಬೇಕ್ರಿ," ಎಂದು ಸಿದ್ದರಾಮಪ್ಪನವರು ಆಫೀಸಿನಲ್ಲಿ ಉಪದೇಶಿಸತೊಡಗಿದರು, ಬಗೀಚೆಯನ್ನು ತಾವೇ ಹಡೆದವರಂತೆ.

ಗೆದ್ದ ಚಂದ್ರವ್ವನಿಗೆ ಮಾತ್ರ ತಿರುಗಾಟ ತಪ್ಪಿತು. ಬೆಂಚಿನ ಹೆಂಗಸರಿಗೆ ದಿನಕ್ಕೊಂದು ಹೊಸ ಒಡಪು ಬೇಕು, ನಿನ್ನೆಯದು ನಡೆಯುವುದಿಲ್ಲ. ನಳದ ಪಾಳಿಯಲ್ಲಿ ನಿಂತು ಆಕೆ ಪ್ರಾಸ ಹುಡುಕುತ್ತಾಳೆ. ಕೊಡ ತುಂಬಿ ಹರಿದರೂ ಗೊತ್ತಾಗುವುದಿಲ್ಲ, ಹಿಂದಿನವರು ಬೈಯುತ್ತಾರೆ. ಮೊನ್ನೆ ಹಾಗೆಯೇ ನಿಂತಿರುವಾಗ ಸಿದ್ದರಾಮಪ್ಪನವರು ತಿರುಗಾಟಕ್ಕೆಂದೇ ಕೊಂಡ ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮೇಲಿನ ಗ್ಯಾಲರಿಯಿಂದ ಬಾಗಿ, ಇಡೀ ಪಾಳಿಗೆ ಕೇಳುವಂತೆ ಕೇಳಿದರು:

"ಏ ಇಕಿನ, ಇವತ್ತಿನ ಒಡಪಿನ್ಯಾಗರೆ ನನ್ನ ಮೀಸಿ ಬರತೈತೇನು?"