ಮುರಳಿಕೃಷ್ಣ ಪಾಸು ಮಾಡಿದ ಗಿಟಾರು

ತನ್ನ ಕಣ್ಣು ತಪ್ಪಿಸಿ ಈ ಭೂಮಂಡಲದ ಮೇಲೆ ಒಂದೇ ಒಂದು ದೋಷವೂ ಬದುಕಲಾರದು ಎಂಬ ವಿಷಯದಲ್ಲಿ ಮುರಳಿಕೃಷ್ಣನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅಂಚೆಟ್ಟಿ ಕಡೆಯ ಹಳ್ಳಿಯಿಂದ ನಡೆದು, ಸಿಕ್ಕ ಬಸ್ಸಿಗೆ ಜೋತುಬಿದ್ದು ಓದಿ, ಮನೆತನಕ್ಕೇ ಮೊದಲ ಬಿ.ಎಸ್ಸಿ. ಎನಿಸಿಕೊಂಡು, ಹೊಸೂರಿನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆದವನು ಅವನು. ಕೂದಲೆಳೆಯಷ್ಟು ಸೊಟ್ಟಗಿರುವ ಬಿಡಿಭಾಗ ಕಂಡರೂ ಅದಕ್ಕೆ ಕೆಂಪು ಬಣ್ಣ ಬಳಿದು ಮೂಲೆಗೆ ತಳ್ಳುವುದು ಅವನ ಉದ್ಯೋಗ. ಕಾರ್ಖಾನೆಯ ಗೇಟಿನೊಳಗೇ ಇದು ಮುಗಿದಿದ್ದರೆ ಹೆಂಡತಿ ಶಶಿರೇಖಾ ಸಹಿಸಿಕೊಳ್ಳುತ್ತಿದ್ದಳು. ಆದರೆ ಮತ್ತಿಗಿರಿಯ ಬಾಡಿಗೆ ಮನೆಯಲ್ಲೂ ಆ ಕಣ್ಣಿಗೆ ರಜೆ ಇರಲಿಲ್ಲ. ಸಂತೆಯಲ್ಲಿ ಅವನು ಬದನೆಕಾಯಿಯನ್ನು ಬೆಳಕಿಗೆ ಹಿಡಿದು ತಿರುಗಿಸುವಷ್ಟರಲ್ಲಿ ಹಿಂದಿನವರು ಮೂಟೆ ಕಟ್ಟಿಕೊಂಡು ಮನೆ ಸೇರಿರುತ್ತಿದ್ದರು. ಒಮ್ಮೆ ದೋಸೆಯ ಅಂಚಿಗೂ ನಡುವಿಗೂ ದಪ್ಪದಲ್ಲಿ ವ್ಯತ್ಯಾಸವಿದೆ ಎಂದು ಬಾಯಿಬಿಟ್ಟು, ಆ ಇಡೀ ವಾರ ಉಪ್ಪಿಟ್ಟು ತಿಂದ.

ಇಂಥವನ ಮನೆಯ ಮೂಲೆಯಲ್ಲಿ ಒಂದು ವರ್ಷದಿಂದ ಪರೀಕ್ಷೆಯೇ ಆಗದ ವಸ್ತುವೊಂದು ನಿಂತಿತ್ತು. ಹಳೆಯ ಸೀರೆಯೊಂದನ್ನು ಸುತ್ತಿಕೊಂಡ ಬೇಸ್ ಗಿಟಾರು. ಶಶಿರೇಖಾಳ ತಮ್ಮ ಪ್ರಮೋದನದು.

ಪ್ರಮೋದ ಕೃಷ್ಣಗಿರಿ, ಹೊಸೂರು ಕಡೆಯ ಮದುವೆಗಳಲ್ಲಿ ಮೂರು ಭಾಷೆಯ ಹಾಡು ನುಡಿಸುವ ಆರ್ಕೆಸ್ಟ್ರಾದಲ್ಲಿದ್ದ. ಗಿಟಾರೆಂದರೆ ಕುಣಿಯುವ ಗಿಟಾರಲ್ಲ. ನಾಲ್ಕೇ ದಪ್ಪ ತಂತಿಯ, ನೆಲದಡಿಯಿಂದ ಮಾತಾಡಿದಂತೆ ಗುಂಯ್‌ಗುಡುವ ಬೇಸು. ಅದನ್ನು ಬೆಂಗಳೂರಿನ ಹೋಟೆಲ್ ವಾದಕನೊಬ್ಬನಿಂದ ಒಂದು ಮೋಟಾರ್ ಬೈಕಿನ ಬೆಲೆ ಕೊಟ್ಟು ಕೊಂಡು ತಂದಾಗ ಮುರಳಿಕೃಷ್ಣ ಸುತ್ತ ತಿರುಗಿ ನೋಡಿ, ಬೈಕಾಗಿದ್ದರೆ ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಬಹುದಿತ್ತು ಎಂದಿದ್ದ. ಅಲ್ಲಿಂದಾಚೆ ಪ್ರತಿ ಮದುವೆ ಮುಗಿದ ಮೇಲೂ ಅವನದು ಒಂದೇ ಚೇಷ್ಟೆ: “ಏನೋ ಬಾರಿಸ್ದೆ ಅಂದ್ರು, ನಂಗೇನೂ ಕೇಳಿಸ್ಲಿಲ್ವಲ್ಲಪ್ಪ.”

“ಬಾರ್ಸೋವಾಗ ಕೇಳ್ಸಲ್ಲ ಭಾವ,” ಎನ್ನುತ್ತಿದ್ದ ಪ್ರಮೋದ, ನಗುತ್ತಲೇ. “ನಿಲ್ಸಿದಾಗ ಗೊತ್ತಾಗ್ತದೆ.”

ಕಿವಿಗೆ ಕೇಳಿಸದಿದ್ದರೂ ಅಡುಗೆಮನೆಗೆ ಕೇಳಿಸುತ್ತಿತ್ತು. ಅವನು ಅಕ್ಕನ ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಗೂಡಿನಲ್ಲಿಟ್ಟ ಸ್ಟೀಲ್ ತಟ್ಟೆ, ಮುಚ್ಚಳಗಳೆಲ್ಲ ಜಣಜಣ ನಡುಗಿ, ಒಳಗಿಂದ ಶಶಿರೇಖಾ ಬೈಯುತ್ತಿದ್ದಳು. ಅವನು ನಿಲ್ಲಿಸುತ್ತಿರಲಿಲ್ಲ.

ಹೋದ ವರ್ಷ ಕಾಮಾಲೆ ಬಂತು. ಹಸಿರುಮದ್ದು ಎಂದರು, ಆಸ್ಪತ್ರೆ ಎಂದರು. ಎರಡೂ ಮುಗಿಯುವ ಮೊದಲೇ ಹುಡುಗ ಮುಗಿದುಹೋದ.

ಈಗ ವರ್ಷದ ತಿಥಿ ಹತ್ತಿರ ಬಂದಿತ್ತು. ಆರ್ಕೆಸ್ಟ್ರಾದ ಮೋಹನ್ ಫೋನು ಮಾಡಿ, ಹೊಸದಾಗಿ ಸೇರಿದ ವಾದಕನಿಗೆ ಆ ಗಿಟಾರು ಬೇಕೆಂದೂ ನ್ಯಾಯವಾದ ಬೆಲೆ ಕೊಡುವುದಾಗಿಯೂ ಕೇಳಿದ. ಮಾತಾಡುವ ವಸ್ತುವನ್ನು ಮೂಕ ಮಾಡಿ ನಿಲ್ಲಿಸಿಕೊಂಡಿದ್ದೇನೆ ಎಂದು ಶಶಿರೇಖಾಳಿಗೂ ಅನಿಸುತ್ತಿತ್ತು. ಒಪ್ಪಿದಳು. ಒಂದೇ ಷರತ್ತು: ತಿಥಿಯ ಮರುದಿನ, ಭಾನುವಾರ, ಮೋಹನ್ ಮನೆಗೇ ಬಂದು ಒಂದು ಸಲ ಬಾರಿಸಬೇಕು, ಅವಳು ಕೇಳಬೇಕು, ಆಮೇಲೆ ತಗೊಂಡು ಹೋಗಬಹುದು.

ಕೃಷ್ಣಗಿರಿಯ ತವರಿಗೆ ಅವಳು ಕೆಲವು ದಿನ ಮುಂಚೆಯೇ ಹೊರಟಳು. ಬಸ್ಸಿನ ಕಿಟಕಿಯಿಂದ ಹೇಳಿದ್ದು ಇಷ್ಟೇ: “ಹಾಲು ಉಕ್ಕಿಸ್ಬೇಡಿ. ಗಿಟಾರಿನ ತಂಟೆಗೆ ಹೋಗ್ಬೇಡಿ.”

ಹಾಲು ಉಕ್ಕಲಿಲ್ಲ. ಅಷ್ಟರ ಮಟ್ಟಿಗೆ ಮುರಳಿಕೃಷ್ಣ ಆಜ್ಞಾಧಾರಕ!

ಆದರೆ ಪರೀಕ್ಷೆ ಮಾಡದೆ ಮಾಲು ಹೊರಗೆ ಬಿಡುವ ಇನ್ಸ್‌ಪೆಕ್ಟರ್ ಎಲ್ಲಾದರೂ ಉಂಟೆ? ಮೋಹನನಿಗೆ ಮೊಬೈಲಿನಿಂದಲೇ ಕರೆ ಮಾಡಿ, ಒಳ್ಳೆಯ ಬೇಸ್ ಎಂದರೆ ಹೇಗಿರಬೇಕೆಂದು ಕೇಳಿದ. ಮರ ಚೆನ್ನಾಗಿ ಒಣಗಿರಬೇಕು, ತೊಡೆಯ ಮೇಲಿಟ್ಟರೆ ತಲೆ ನೆಲಕ್ಕೆ ವಾಲಬಾರದು, ಮೀಟಿದ ಸ್ವರ ತಟಕ್ಕನೆ ಸಾಯದೆ ನಿಲ್ಲಬೇಕು, ಬೇರೆ ಸದ್ದು ಸೇರಬಾರದು ಎಂದು ಅವನು ಹೇಳಿದ. ಇನ್ನೂ ಹೇಳುವವನಿದ್ದನೇನೋ. ಇಷ್ಟು ಸಾಕು ಎಂದು ಮುರಳಿಕೃಷ್ಣ ಫೋನಿಟ್ಟ.

ಸೀರೆ ಬಿಚ್ಚಿದ. ಜೇನಿನ ಬಣ್ಣದ ಮೈ. ತೊಡೆಯ ಮೇಲಿಟ್ಟ, ತಲೆ ವಾಲಲಿಲ್ಲ. ಪಾಸು! ವೈರನ್ನು ಪಕ್ಕದಲ್ಲೇ ಇದ್ದ ಪ್ರಮೋದನ ಆಂಪ್ಲಿಫೈಯರ್ ಪೆಟ್ಟಿಗೆಗೆ ಜೋಡಿಸಿ ಮೀಟಿದ. ಗುಂಯ್ ಎಂದಿತು. ಜೊತೆಗೆ ಎಲ್ಲಿಂದಲೋ ಜಣಜಣ. ಬೇರೆ ಸದ್ದು! ಗಿಟಾರಿಗೆ ಕಿವಿ ಹಚ್ಚಿದ, ಪೆಟ್ಟಿಗೆಗೆ ಹಚ್ಚಿದ, ಕೊನೆಗೆ ದೋಷವು ಅಡುಗೆಮನೆಯ ಗೂಡಿನಲ್ಲಿ ಅಡಗಿರುವುದನ್ನು ಪತ್ತೆಹಚ್ಚಿದ. ಸೈಕಲ್ಲಿನ ಹಳೇ ಟ್ಯೂಬು ಕತ್ತರಿಸಿ ಪ್ರತಿ ತಟ್ಟೆಯ ನಡುವೆ, ಪ್ರತಿ ಮುಚ್ಚಳದ ಅಡಿ ತುಂಡು ಇಟ್ಟ. ಮತ್ತೆ ಮೀಟಿದ. ಅಡುಗೆಮನೆ ಮೌನವ್ರತ ಹಿಡಿಯಿತು. ವಿಜ್ಞಾನಕ್ಕೆ ಜಯವಾಯಿತು.

ಆ ಜಯದ ಅಮಲಿನಲ್ಲಿ ಗಿಟಾರಿನ ಕತ್ತಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡಿದರೆ, ನಡುವೆ ಬೆಳಕು ಕಾಣಿಸಿತು! ಬೈಕಿನ ಬೆಲೆಯ ವಸ್ತು, ಕತ್ತು ಬಾಗಿದೆ! ತುದಿಯಲ್ಲಿ ಒಂದು ತಿರುಪು ಇತ್ತು. ಒಳಗಿನ ಕಬ್ಬಿಣದ ಸರಳನ್ನು ಬಿಗಿಮಾಡುವಂಥದ್ದು. ಅಲೆನ್ ಕೀ ಹಾಕಿ ತಿರುಗಿಸಿದ, ಇಟ್ಟು ನೋಡಿದ, ಮತ್ತೆ ತಿರುಗಿಸಿದ. ಬೆಳಕು ಮಾಯವಾಯಿತು. ಕತ್ತು ದಾರ ಹಿಡಿದ ಹಾಗೆ ನೆಟ್ಟಗೆ.

ಉಳಿದದ್ದು ಬಣ್ಣ. ಮೈಯ ಮೇಲಂಚಿನಲ್ಲಿ ಅಂಗೈಯಗಲ ಬಣ್ಣ ಪೂರಾ ಹೋಗಿ, ಬರಿ ಮರ ಬೆವರು ಕುಡಿದು ಕಪ್ಪಾಗಿತ್ತು. ಇಷ್ಟು ಕುರೂಪವನ್ನು ಭಾನುವಾರ ನಾಲ್ಕು ಜನರ ಮುಂದೆ ಇಡುವುದೆ? ತಮ್ಮನ ವಸ್ತು ಹೊಸದಾಗಿ ಕಂಡರೆ ಹೆಂಡತಿಯ ಮುಖದಲ್ಲಿ ಒಂದು ವರ್ಷದಿಂದ ಕಾಣದ ನಗು ಕಂಡೀತು ಎಂಬ ಆಸೆಯೂ ಅವನಿಗಿತ್ತು. ನಿಜ ಹೇಳಬೇಕೆಂದರೆ ಇಷ್ಟು ಕಸರತ್ತೂ ಆ ಆಸೆಗೇ. ತಂತಿ ಬಿಚ್ಚಿ, ಬೈಕುಗಳಿಗೆ ಬಣ್ಣ ಹೊಡೆಯುವ ದಾಸಪ್ಪನ ಶೆಡ್ಡಿಗೆ ಒಯ್ದ. ಆ ದಿನ ಅಲ್ಲಿ ತಯಾರಾಗಿದ್ದದ್ದು ಒಂದೇ ಬಣ್ಣ. ಪುಟ್ಟಿ ಮೆತ್ತಿ, ಉಜ್ಜಿ, ದಾಸಪ್ಪ ಅದನ್ನೇ ಹೊಡೆದ. “ಪುದುಸು ಮಾದಿರಿ ಇರ್ಕು ಸಾರ್,” ಎಂದು ತಮಿಳಿನಲ್ಲಿ ಹೊಗಳಿ, “ಹೊಸದರ ಹಂಗೇ ಐತೆ. ನಂಬರ್ ಪ್ಲೇಟ್ ಒಂದು ಬಾಕಿ,” ಎಂದು ಕನ್ನಡದಲ್ಲಿ ಮುಗಿಸಿದ. ಮುರಳಿಕೃಷ್ಣ ಮನೆಗೆ ತಂದು, ತಂತಿ ಮತ್ತೆ ಬಿಗಿದು, ಮೊದಲಿನಂತೆ ಸೀರೆ ಸುತ್ತಿ ಮೂಲೆಯಲ್ಲಿಟ್ಟ.

ತಿಥಿಯ ದಿನ ಕೃಷ್ಣಗಿರಿಯಲ್ಲಿ ಮುರಳಿಕೃಷ್ಣನ ಹೊಟ್ಟೆಯಲ್ಲಿ ಗುಟ್ಟು ನಿಲ್ಲದು. ಎಡೆ ಇಡುವಾಗಲೂ ಮುಖ ಅರಳಿಕೊಂಡಿತ್ತು. ಮಾವ ಹನುಮಂತರಾಯಪ್ಪ ಮಗನ ಫೋಟೋ ಮುಂದೆ ಕೂತಿದ್ದವರು, ಅಳಿಯನಿಗೆ ಪ್ರಮೋಷನ್ ಏನಾದರೂ ಆಗಿದೆಯಾ ಎಂದು ಮಗಳನ್ನು ಮೆಲ್ಲಗೆ ವಿಚಾರಿಸಿದರು. ಅವಳಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮತ್ತಿಗಿರಿಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಮುರಳಿಕೃಷ್ಣ ಹೆಂಡತಿಯನ್ನು ಮೂಲೆಯ ಮುಂದೆ ನಿಲ್ಲಿಸಿ, ಪರದೆ ಎಳೆಯುವ ಸೂತ್ರಧಾರನಂತೆ ಸೀರೆ ಎಳೆದ. ಗಿಟಾರು ಕೆಂಪಗೆ ಥಳಥಳ ಹೊಳೆಯಿತು.

ಶಶಿರೇಖಾ ನೋಡಿದಳು. “ಇದು ಯಾರ್ದು?”

ಪ್ರಮೋದನದೇ ಎಂದ. ತಾನೇ ಮಾಡಿಸಿದ್ದು ಎಂದ. ಪುಟ್ಟಿ, ಉಜ್ಜುಕಾಗದ, ಎರಡು ಕೋಟು ಎಂದು ವಿವರಿಸತೊಡಗಿದ. ಅವಳ ಕೈ ತಾನಾಗಿ ಮೇಲಂಚಿಗೆ ಹೋಗಿ, ಏನನ್ನೋ ಹುಡುಕಿ, ನುಣ್ಣಗೆ ಜಾರಿ ಕೆಳಗೆ ಬಂತು.

“ಇಲ್ಲಿ ಅವನ ಕೈ ಇತ್ತು,” ಎಂದಳು. “ಬಾರ್ಸೋವಾಗ ಮೊಣಕೈ ಇಡ್ತಿದ್ದ. ಇಟ್ಟೂ ಇಟ್ಟೂ ಬಣ್ಣ ಹೋಗಿತ್ತು. ದಿನಾ ಕಸ ಗುಡಿಸೋವಾಗ ಸೀರೆ ಸರ್ಸಿ ಮುಟ್ತಿದ್ದೆ.”

ಮುರಳಿಕೃಷ್ಣನ ಎರಡನೇ ಕೋಟು ಬಾಯಲ್ಲೇ ಒಣಗಿತು.

“ಕೆಟ್ಟ ಗಿಟಾರು ಯಾವತ್ತೂ ಹೊಸದಾಗೇ ಇರ್ತದಕ್ಕ, ಯಾರೂ ಮುಟ್ಟಲ್ವಲ್ಲ, ಅಂತಿದ್ದ. ಸವೆದಿದ್ರೇ ಅದಕ್ಕೆ ಬೆಲೆ ಅಂತ.” ಅವಳು ಹೊಸ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದಳು. “ನಿಮ್ಮ ಫ್ಯಾಕ್ಟ್ರೀಲಿ ಕೆಂಪು ಬಳಿಯೋದು ಕೆಟ್ಟೋದ ಮಾಲಿಗೆ ಅಲ್ವೇನ್ರೀ?”

ಹತ್ತಾರು ಆಡಿಟರುಗಳ ಮುಂದೆ ತಡವರಿಸದವನು ಕೈಯಲ್ಲಿದ್ದ ಸೀರೆಯನ್ನು ಮಡಿಸತೊಡಗಿದ.

ಅಷ್ಟರಲ್ಲಿ ಮೋಹನ್ ಬಂದ. ಗಿಟಾರು ನೋಡಿ, ಶಶಿರೇಖಾಳ ಮುಖ ನೋಡಿ, ಬಣ್ಣದ ಬಗ್ಗೆ ಏನೂ ಕೇಳದೆ ಕೂತ, ಒಳ್ಳೆಯ ಹುಡುಗ. ಶ್ರುತಿ ಮಾಡಿಕೊಂಡು ಬಾರಿಸಿದ. ಡಬ್ಬಿಯಲ್ಲಿ ಕಣಜದ ಹುಳು ಸಿಕ್ಕಿಹಾಕಿಕೊಂಡಂತೆ ‘ಜರ್ರ್’ ಎಂದಿತು. ಇನ್ನೊಂದು ತಂತಿ. ಇನ್ನೊಂದು ಕಣಜ. ಕೇಳಲೆಂದು ಬಾಗಿಲಿಗೆ ಒರಗಿ ನಿಂತಿದ್ದ ಶಶಿರೇಖಾ ಗಂಡನ ಕಡೆ ತಿರುಗಿದಳು. ಕತ್ತು ನೆಟ್ಟಗೆ ಮಾಡಿದ್ದೆ ಎಂದು ಅವನು ಒಪ್ಪಿಕೊಂಡ. ಕೂದಲೆಳೆಯೂ ತೂರದಷ್ಟು ಎಂದು ಸೇರಿಸಲು ಹೋಗಿ ನಿಲ್ಲಿಸಿದ.

“ಸ್ವಲ್ಪ ಬಾಗಿರ್ಬೇಕು ಸಾರ್,” ಎಂದ ಮೋಹನ್. “ತಂತಿ ಆಡೋಕೆ ಜಾಗ ಬೇಕಲ್ಲ.”

ಅವನು ತಿರುಪನ್ನು ಒಂಚೂರು ಒಂಚೂರೇ ಸಡಿಲಿಸಿದ. ಮರ ತನ್ನ ಬಾಗಿಗೆ ಮರಳುವವರೆಗೆ ಮೂವರೂ ಕಾಫಿ ಕುಡಿದರು. ಪುಣ್ಯಕ್ಕೆ ಸರಳು ತುಂಡಾಗಿರಲಿಲ್ಲ. ಮತ್ತೆ ಬಾರಿಸಿದಾಗ ಕಣಜಗಳು ಹಾರಿಹೋಗಿ, ಆ ಹಳೆಯ ಗುಂಯ್ ನೆಲ ಹಿಡಿದು ಬಂತು. ಮುರಳಿಕೃಷ್ಣ ಉಸಿರು ಬಿಟ್ಟ.

ಶಶಿರೇಖಾ ಎದ್ದು ಅಡುಗೆಮನೆಗೆ ಹೋದಳು. ಅವಳು ಯಾವಾಗಲೂ ಕೇಳುತ್ತಿದ್ದದ್ದು ಅಲ್ಲಿಂದಲೇ. ಹೊರಗೆ ಗಿಟಾರು ನುಡಿಯುತ್ತಿತ್ತು. ಒಳಗಿಂದ ಬೈಗುಳ ಬರಲಿಲ್ಲ. ಅವನು ಹೋಗಿ ನೋಡಿದರೆ, ಅವಳು ಗೂಡಿನ ಮುಂದೆ ನಿಂತು ತಟ್ಟೆಗಳನ್ನೇ ನೋಡುತ್ತಿದ್ದಳು. ಒಂದೂ ಅಲುಗುತ್ತಿರಲಿಲ್ಲ.

“ಅದೇ ಅಲ್ಲ ಕಣ್ರೀ,” ಎಂದಳು. “ಏನೋ ಇಲ್ಲ.”

ಏನಿಲ್ಲ ಎಂಬುದು ಜಗತ್ತಿನಲ್ಲಿ ಒಬ್ಬನಿಗೇ ಗೊತ್ತಿತ್ತು. ಮುರಳಿಕೃಷ್ಣ ಕೈ ಚಾಚಿ ಒಂದು ಮುಚ್ಚಳ ಎತ್ತಿ ಟ್ಯೂಬಿನ ತುಂಡು ತೆಗೆದ. ಇನ್ನೊಂದು. ಮತ್ತೊಂದು. ಅವಳು ಬಿಟ್ಟಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಅಂಗಿಯ ಜೇಬು ತುಂಬಿ, ಪ್ಯಾಂಟಿನ ಜೇಬು ತುಂಬಿತು. ಕಟ್ಟಕಡೆಯ ತುಂಡು ಎಳೆಯುವಾಗ ಗೂಡು ಪೂರ್ತಿ ಜಣಜಣಿಸತೊಡಗಿತ್ತು.

“ಲೇ, ನಿಲ್ಸು ಕಣ್ಲಾ, ತಟ್ಟೆ ಬೀಳ್ತಾವೆ!”

ಅಭ್ಯಾಸದ ಬಾಯಿ. ತಾನೇ ಕೂಗಿದೆ ಎಂದು ಅವಳಿಗೆ ತಿಳಿಯುವ ಮೊದಲೇ, ಹೇಳಿದ ಮಾತು ಕೇಳುವ ಮೋಹನ್ ಹೊರಗೆ ತಟ್ಟನೆ ನಿಲ್ಲಿಸಿಬಿಟ್ಟ.

ಮುಚ್ಚಳಗಳು ಇನ್ನೊಂದು ಗಳಿಗೆ ನಡುಗಿ ಸುಮ್ಮನಾದವು. ಪ್ರಮೋದ ಒಮ್ಮೆಯೂ ನಿಲ್ಲಿಸಿರಲಿಲ್ಲ.

ಆ ಮನೆಯಲ್ಲಿ ಅಷ್ಟು ಮೌನವನ್ನು ಮುರಳಿಕೃಷ್ಣ ಎಂದೂ ಕೇಳಿರಲಿಲ್ಲ. ಶಶಿರೇಖಾ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು. ಬೆಲೆಯ ಮಾತೆತ್ತಲು ಹೊರಟ ಮೋಹನನನ್ನು ಕೈಯಲ್ಲೇ ತಡೆದು, ಗಿಟಾರಿನ ಮೇಲಂಚನ್ನು ತೋರಿಸಿದಳು. “ಬೆಲೆ ಆಮೇಲೆ. ಆ ಹುಡುಗನಿಗೆ ಹೇಳು, ಇಲ್ಲಿ ಈ ಕೆಂಪು ಹೋಗೋ ತನಕ ಬಾರಿಸ್ಲಿ. ಹೋದ್ಮೇಲೆ ತಂದು ತೋರಿಸ್ಲಿ.”

ಮೋಹನ್ ತಲೆಯಾಡಿಸಿ, ವೈರು ಬಿಚ್ಚಲು ಬಗ್ಗಿದ.

ಅಡುಗೆಮನೆಯ ಬಾಗಿಲಲ್ಲಿ ಎರಡೂ ಜೇಬಿನಿಂದ ಸೈಕಲ್ ಟ್ಯೂಬು ಇಣುಕುತ್ತಿದ್ದ ಕ್ವಾಲಿಟಿ ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡ. ಎಲ್ಲ ಮದುವೆಗಳಲ್ಲೂ ಆಡಿ ಸವೆದ ಅದೇ ಮಾತು ಬಾಯಿಗೆ ಬಂತು. ದನಿ ಮಾತ್ರ ಚೇಷ್ಟೆಯದಾಗಿರಲಿಲ್ಲ.

“ಬಿಚ್ಬೇಡ ಮೋಹನ್. ನಂಗೆ ಕೇಳಿಸ್ಲಿಲ್ಲ ಕಣಪ್ಪ… ಇನ್ನೊಂದ್ಸಲ ಬಾರ್ಸು.”