ನಾಲ್ಕನೆಯ ಗೂಟ

ನಮ್ಮ ಮನೆಯ ಕ್ಯಾಲೆಂಡರು ಜನವರಿಯಿಂದ ಫ್ರಿಜ್ಜಿನ ಮೇಲೆ ಮಲಗಿದೆ. ಅದನ್ನು ತೂಗುಹಾಕಲು ಗೋಡೆಗೊಂದು ಮೊಳೆ ಹೊಡೆಯುತ್ತೇನೆಂದು ನಾನು ಘೋಷಿಸಿದ್ದೇ ಇದಕ್ಕೆ ಕಾರಣ. ಮೊದಲ ಏಟಿಗೆ ಮೊಳೆ ಬಗ್ಗಿತು, ಎರಡನೆಯದಕ್ಕೆ ಸಿಮೆಂಟು ಉದುರಿತು, ಮೂರನೆಯದು ಹೆಬ್ಬೆರಳಿಗೆ ಬಿತ್ತು. ಅಂದಿನಿಂದ ಮನೆಯಲ್ಲಿ ಏನೇ ಮುರಿದರೂ ನನ್ನ ಹೆಂಡತಿ ಶಿವಕುಮಾರಿ ನನ್ನ ಕಡೆ ತಿರುಗಿಯೂ ನೋಡದೆ ಬಡಗಿ ರೋಶನ್‌ಗೆ ಫೋನ್ ಮಾಡುತ್ತಾಳೆ. ಕ್ಯಾಲೆಂಡರನ್ನು ಮಾತ್ರ ನಾನು ಅವನಿಗೆ ಮುಟ್ಟಗೊಟ್ಟಿಲ್ಲ. ಗಂಡಸಿಗೆ ಮಾನ ಅಂತ ಒಂದಿರುತ್ತದಲ್ಲ!

ನನ್ನನ್ನು ಸಾಮಾನ್ಯ ಮನುಷ್ಯ ಎಂದುಕೊಳ್ಳಬೇಡಿ. ಮುಂಬೈನ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸ್ಟೋರ್ ಕೀಪರ್ ಆಗಿದ್ದೇನೆ. ನನ್ನ ಕೈ ದಾಟದೆ ಅಲ್ಲಿ ಒಂದು ಸುತ್ತಿಗೆಯೂ ಹೊರಗೆ ಹೋಗುವುದಿಲ್ಲ. (ಕೊಟ್ಟು ಸಹಿ ಮಾಡಿಸಿಕೊಳ್ಳುವವನು ನಾನು. ಹೊಡೆಯುವವರು ಬೇರೆ.)

ಹೀಗಿರಲು ವಿಜಯಪುರದಿಂದ ನನ್ನ ಅತ್ತೆ ಕಸ್ತೂರಿಬಾಯಿಯವರ ಆಗಮನವಾಯಿತು. ನಮ್ಮ ಭಾಂಡುಪಿನ ಫ್ಲ್ಯಾಟಿನಲ್ಲಿ ಮೂರು ದಿನ ಕೂತವರೇ, "ಗಾಳಿಲ್ಲ, ಅಂಗಳಿಲ್ಲ, ಹೆಂಗ ಇರ್ತೀರೋ ಯಪ್ಪಾ" ಎಂದರು. ತಕ್ಷಣ ನನಗೊಂದು ಮಹಾ ಯೋಜನೆ ಹೊಳೆಯಿತು. ಹಾಸಿಗೆ, ಗ್ಯಾಸು, ಸಿಂಕು ಎಲ್ಲ ಒಳಗೇ ಇರುವ ಕ್ಯಾರವಾನ್ ಗಾಡಿಯೊಂದನ್ನು ಡ್ರೈವರ್ ಸಮೇತ ಭಾನುವಾರಕ್ಕೆ ಗೊತ್ತುಮಾಡಿದೆ. ಉತ್ತನ್ ಕಡೆಯ ಗುಡ್ಡದ ಮೇಲೆ ಇಂಥ ಗಾಡಿಗಳು ಬಂದು ತಂಗುವ ಮೈದಾನವಿದೆ. ಗಾಡಿಯ ಪಕ್ಕಕ್ಕೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರವೂ ಇತ್ತು. ಅದರ ಒಂದು ಅಂಚು ಗಾಡಿಗೇ ಅಂಟಿರುತ್ತದೆ. ಇನ್ನೊಂದು ಅಂಚನ್ನು ಎರಡು ಕೋಲುಗಳ ಮೇಲೆ ಎತ್ತಿ, ನಾಲ್ಕು ಹಗ್ಗ ಎಳೆದು, ನೆಲಕ್ಕೆ ನಾಲ್ಕು ಗೂಟ ಹೊಡೆದು ಕಟ್ಟಬೇಕು.

"ಚಪ್ಪರ ನಾ ಒಬ್ಬನ ನಿಲ್ಲಸ್ತೀನಿ. ಯಾರ ಹೆಲ್ಪೂ ಬ್ಯಾಡ," ಎಂದೆ.

"ನೀವು ನಿಲ್ಲಸ್ರಿ, ಕ್ಯಾಲೆಂಡರಿನ ಮಾತು ಮತ್ತ ನಾ ತಗಿಯಂಗಿಲ್ಲ. ಅವ್ವನ ಮುಂದಂತೂ ಇಲ್ಲs ಇಲ್ಲ," ಎಂದಳು ಶಿವಕುಮಾರಿ. "ನಿಲ್ಲಲಿಲ್ಲಂದ್ರ ಮರುದಿನs ಮೊಳಿ ಹೊಡಿಯಾಕ ರೋಶನ್‌ಗ ಫೋನ್!"

ಮೈದಾನ ಮುಟ್ಟಿದಾಗ ನಾಲ್ಕೈದು ಗಾಡಿಗಳು ಆಗಲೇ ಬಂದಿದ್ದವು. ಆದರೆ ನಟ್ಟನಡುವೆ, ಸಮುದ್ರ ಕಾಣುವಂಥ, ಹುಲ್ಲುಕಡ್ಡಿಯೂ ಇಲ್ಲದ ಸಮತಟ್ಟು ಜಾಗ ಖಾಲಿ ಬಿದ್ದಿತ್ತು! ನಾನು ದಿನಾ ಲೋಕಲ್ ರೈಲಿನಲ್ಲಿ ಓಡಾಡುವವನು. ಭಾಂಡುಪಿನಿಂದ ವಿಕ್ರೋಳಿ ಎರಡನೆಯ ಸ್ಟೇಷನ್ನು, ಆದರೂ ಕಿಟಕಿ ಸೀಟಿಗೆ ಕರವಸ್ತ್ರ ಎಸೆಯದೆ ಬಿಟ್ಟವನಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಜಿಗಿದು, ಓಡಿ, ಆ ಜಾಗದ ಮೇಲೆ ಕರವಸ್ತ್ರ ಹಾಸಿಬಿಟ್ಟೆ.

ಡ್ರೈವರ್ ಅಮಿತ ತಲೆ ಹೊರಗೆ ಹಾಕಿ, "ಸಾಬ್, ಇಧರ್ ಕೋಯಿ ನಹೀಂ ಲಗಾತಾ," ಎಂದ. ಇಲ್ಲಿ ಯಾರೂ ಗಾಡಿ ಹಚ್ಚುವುದಿಲ್ಲವಂತೆ.

"ಇಸೀಲಿಯೇ ತೋ ಖಾಲೀ ಮಿಲಾ!" ಅದಕ್ಕೇ ಅಲ್ಲವೇ ಖಾಲಿ ಸಿಕ್ಕಿದ್ದು, ಎಂದೆ ವಿಜಯೋತ್ಸಾಹದಿಂದ. ಅವನು ಗಾಡಿ ನಿಲ್ಲಿಸಿ, ಭುಜ ಕುಣಿಸಿ, ದೂರದ ಮರದಡಿ ಹೋಗಿ ಮಲಗಿದ.

ಮೊದಲ ಗೂಟ ಇಟ್ಟು ಹೊಡೆದೆ. ಠಣ್! ಮೈಯೆಲ್ಲ ಝುಮ್ಮೆಂದಿತು. ಎರಡು ಬೆರಳಷ್ಟು ಮಣ್ಣು, ಅದರ ಕೆಳಗೆ ಅಖಂಡ ಕರಿಕಲ್ಲು. ಕಬ್ಬಿಣದ ಗೂಟ ಕೊಕ್ಕೆಯಾಯಿತು. ಎರಡನೆಯದು ಚಿಮ್ಮಿ ಪಕ್ಕದ ಗಾಡಿಯವರ ಬಕೆಟ್ಟಿಗೆ ಬಿತ್ತು. ಮೂರನೆಯದನ್ನು ಗಡಿಬಿಡಿಯಲ್ಲಿ ಹೊಡೆದೆ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸುತ್ತಿಗೆ ಸದ್ದು ನಿಷಿದ್ಧ. ಇಲ್ಲಿ ಸೊಸೈಟಿಯೇ ಇಲ್ಲವೆಂಬುದು ನೆನಪಾಗುವಷ್ಟರಲ್ಲಿ ಅದೂ ಬಗ್ಗಿತ್ತು.

"ಏನ್ರಿ, ಆ ಬಾಜೂಕ ಮಣ್ಣಿನ ಜಾಗಾ ಅದ. ಗಾಡಿ ಅಲ್ಲಿ ಹಚ್ಚಸ್ರಲ್ಲ," ಎಂದಳು ಶಿವಕುಮಾರಿ.

"ಹಿಡದ ಸೀಟು ಬಿಡೂದs? ಯಾವ ಮುಂಬೈಕರ ಬಿಟ್ಟಾನ ಹೇಳು!"

ನನ್ನ ಹಟ ಕರಗುವ ಹೊತ್ತಿಗೆ ಮಣ್ಣಿನ ಜಾಗಗಳೆಲ್ಲ ತುಂಬಿದ್ದವು. ತಲೆ ಮೇಲೆ ಸೆರಗು ಹೊದ್ದು ಬಿಸಿಲಲ್ಲಿ ಕೂತಿದ್ದ ಅತ್ತೆಯವರು ಎದ್ದು ಬಂದರು.

"ಅಳ್ಯಾರ, ಕಲ್ಲಿನ ಜೋಡಿ ಯಾಕ ಜಗಳಾ? ಗೂಟ ಹೋಗಲಿಲ್ಲಂದ್ರ ಭಾರ ಕಟ್ಟಬೇಕು. ರಾಶಿ ಮಾಡೂಮುಂದ ತಾಡಪತ್ರಿ ಹಾರಬಾರ್ದಂತ ನಾವು ಜ್ವಾಳದ ಚೀಲ ಕಟ್ಟತಿದ್ವಿ."

ಒಂದು ಹಗ್ಗಕ್ಕೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಇನ್ನೊಂದಕ್ಕೆ ನಮ್ಮಲ್ಲಿದ್ದ ಒಂದೇ ಚೀಲಕ್ಕೆ ಕಲ್ಲು ತುಂಬಿ ಕಟ್ಟಿದರು. ಮೂರನೆಯದಕ್ಕೆ ನಾನು ಹೊಸದಾಗಿ ಕೊಂಡು ತಂದಿದ್ದ ಟೂಲ್ ಬಾಕ್ಸು. ("ಇದ್ಹಿಂಗಾದ್ರೂ ಉಪಯೋಗ ಆತು," ಎಂದಳು ಹೆಂಡತಿ.) ನಾಲ್ಕನೆಯದಕ್ಕೆ ಭಾರ ಹುಡುಕುತ್ತ ಅತ್ತೆಯವರು ಸುತ್ತಲೂ ನೋಡಿದರು. ಅವರ ದೃಷ್ಟಿ ನನ್ನ ಮೇಲೆ ಬಂದು ನಿಂತಿತು.

"ಅಳ್ಯಾರ ತೂಕ ಎಷ್ಟವಾ?"

"ಎಂಬತ್ತೆಂಟ ಕಿಲೋ," ಎಂದಳು ಶಿವಕುಮಾರಿ ತಡಮಾಡದೆ. (ನಾನು ಎಲ್ಲರಿಗೂ ಎಂಬತ್ತು ಎಂದು ಹೇಳಿಕೊಂಡು ಬಂದಿದ್ದೆ.)

ಮಡಿಸುವ ಕುರ್ಚಿಯ ಕಾಲಿಗೆ ಹಗ್ಗ ಬಿಗಿದರು, ಕುರ್ಚಿಯ ಮೇಲೆ ನನ್ನನ್ನು ಕೂರಿಸಿದರು. ಚಪ್ಪರ ಠೀವಿಯಿಂದ ನಿಂತಿತು! ಆಮೇಲೆ ತಿಳಿದದ್ದೇನೆಂದರೆ, ಗೂಟದ ಜಾಗ ಯಾವಾಗಲೂ ನೆರಳಿನ ಹೊರಗೇ ಇರುತ್ತದೆ. ತಾಯಿ ಮಗಳು ನೆರಳಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡರು. ನನ್ನ ತಟ್ಟೆ ಬಿಸಿಲಿಗೇ ಬಂತು. ಮೊಸರು ಬೇಕೆಂದು ಒಮ್ಮೆ ಎದ್ದೆ. ಗಾಳಿ ಬೀಸಿತು, ಬಟ್ಟೆ ಇಡಿಯಾಗಿ ಎಣ್ಣೆಗಾಯಿಯ ಪಾತೆಲೆಯ ಮೇಲೆ ಕುಸಿಯಿತು.

"ಕೂಡ್ರೀ!" ಎಂದು ಇಬ್ಬರೂ ಒಟ್ಟಿಗೆ ಚೀರಿದರು. ಕೂತೆ.

ಸಂಜೆ ಸಮುದ್ರದ ಗಾಳಿಗೆ ಮುಖವೊಡ್ಡಿ ಅತ್ತೆಯವರು, "ಊರಾಗ ನಮ್ಮ ಅಂಗಳದಾಗ ಕುಂತಂಗಾತು ಅಳ್ಯಾರ," ಎಂದರು. ಮೂಗು ಸುಲಿದು ಕೆಂಪಾಗಿದ್ದರೂ ನನಗೆ ನಿಜವಾಗಿ ಖುಷಿಯಾಯಿತು. ಕೂಡಲೇ ಹೆಂಡತಿಯತ್ತ ತಿರುಗಿ, "ನೋಡು, ನಾ ಎದ್ದರ ಬೀಳತೈತಿ, ಕುಂತರ ನಿಲ್ಲತೈತಿ. ಅಂದಮ್ಯಾಲ ನಿಲ್ಲಿಸಿದವ ನಾನs!" ಎಂದು ವಾದ ಹೂಡಿದೆ.

"ಖರೇನ. ಒಪ್ಪಿದೆ," ಎಂದಳು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಶಿವಕುಮಾರಿ ಸ್ಟೂಲು ಹತ್ತಿ, ಫ್ರಿಜ್ಜಿನ ಮೇಲಿಂದ ಕ್ಯಾಲೆಂಡರು ಇಳಿಸಿ, ಅದರ ಬಗ್ಗೆ ಒಂದು ಮಾತೂ ತೆಗೆಯದೆ ನನ್ನ ಕೈಗಿತ್ತು, ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು. ಬಳಿಕ ಒಳಗೆ ಕೂಗಿದಳು:

"ಅವ್ವಾ, ಬಾ. ಈಗ ನೋಡು, ದೀಪಾವಳಿ ಯಾವಾಗ ಬಂದದ ಅಂತ."

ಅತ್ತೆಯವರು ಕನ್ನಡಕ ಒರೆಸಿಕೊಳ್ಳುತ್ತ ಬಂದು, ನನ್ನ ಎದುರು ನಿಂತು, ಮಾರ್ಚ್ ತಿಂಗಳಿಂದ ಒಂದೊಂದೇ ಹಬ್ಬ ಓದತೊಡಗಿದರು.