ಹುಟ್ಟದ ಮಷೀನಿಗೆ ಹಲ್ಲೆಷ್ಟು?

ಎಲ್ಲೋ ದೂರದೇಶದ ಎರಡು ಕಂಪನಿಗಳು ಹೊಸ ಗೇಮ್ ಮಷೀನ್ ತರುತ್ತೇವೆ ಎಂದು ಒಂದಕ್ಕೊಂದು ಗುಟುರು ಹಾಕಿದಾಗಲೆಲ್ಲ ಬಾಗಲಕೋಟೆಯ ನವನಗರದಲ್ಲಿ ನನ್ನ ಮಾನ ಒಂದು ಸುತ್ತು ಹರಾಜಾಗುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನನ್ನ ಹೆಂಡತಿಯೂ ಕೇಳುತ್ತಾಳೆ.

ನಾನು ಗೇಮ್ ಸೆಂಟರ್ ಇಟ್ಟವನು. ಹುಡುಗರು ಬಂದು ತಾಸಿನ ಲೆಕ್ಕದಲ್ಲಿ ಟಿವಿ ಮುಂದೆ ಕೂತು ಆಡಿ ಹೋಗುತ್ತಾರೆ. ನನ್ನಲ್ಲಿ ಇರುವುದೆಲ್ಲ ನೀಲಿ ಕಂಪನಿಯ ಮಷೀನು. ರಸ್ತೆಯ ಆ ಬದಿಗೆ, ಸರಿಯಾಗಿ ನನ್ನ ಬಾಗಿಲಿನ ಎದುರು, ಇನ್ನೊಂದು ಗೇಮ್ ಸೆಂಟರ್. ಅಲ್ಲಿ ಎಲ್ಲವೂ ಹಸಿರು ಕಂಪನಿಯದು. ಅದರ ಮಾಲೀಕ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಕಂಪನಿಗಳ ನಿಜವಾದ ಹೆಸರು ಹೇಳುವುದಿಲ್ಲ. ಆ ಹೆಸರುಗಳ ಸಲುವಾಗಿಯೇ ನಮ್ಮಿಬ್ಬರ ನಡುವೆ ಮಾತು ನಿಂತಿತ್ತು.

ಈ ಸಲ ಜಗಳದಲ್ಲಿ ಒಂದು ಮಳಿಗೆ ಬೇರೆ ಸೇರಿಕೊಂಡಿತು. ನಮ್ಮ ಮಾವ ಹುನಗುಂದದವರು. ಅಮೀನಗಡದ ದನದ ಸಂತೆಯಲ್ಲಿ ದಲಾಲಿ ಮಾಡುತ್ತಲೇ ತಲೆಗೂದಲು ಬೆಳ್ಳಗಾದವರು. ಬಾಗಲಕೋಟೆಯಲ್ಲಿ ಬಸ್ ನಿಲ್ದಾಣದ ಎದುರಿಗಿದ್ದ ಅವರ ಮಳಿಗೆ ಖಾಲಿಯಾಯಿತು. ಹೊಸ ಮಷೀನುಗಳು ಬರುವ ಹೊತ್ತಿಗೆ ಆ ಮಳಿಗೆ ಯಾವ ಅಳಿಯನ ಕೈಯಲ್ಲಿರುತ್ತದೋ ಅವನು ಉಳಿದ, ಇನ್ನೊಬ್ಬ ಅಂಗಡಿ ಮುಚ್ಚಿದ. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಹಲ್ಲು

ಇಬ್ಬರೂ ಒಂದೇ ದಿನ ಹುನಗುಂದಕ್ಕೆ ಹೋದೆವು, ಬೇರೆ ಬೇರೆ ಬಸ್ಸಿನಲ್ಲಿ. ಇಬ್ಬರ ಕೈಯಲ್ಲೂ ಒಂದೊಂದು ಡಬ್ಬಿ ಕರದಂಟು. ಮಾವ ಎರಡೂ ಡಬ್ಬಿ ತೆಗೆದುಕೊಂಡು ಹೇಳಿದರು.

“ನನಗ ಇಬ್ಬರೂ ಹೆಣ್ಮಕ್ಕಳು ಒಂದ. ಯಾರ ಮಷೀನ್ ಚಲೋ ಐತಿ, ಅವರಿಗೆ ಮಳಿಗಿ.”

“ನಮ್ಮ ಹೊಸಾದು ಹಳೇದಕ್ಕಿಂತ ಮೂರ್ ಪಟ್ಟು ಜೋರ ಐತ್ರಿ ಮಾವಾರ,” ಅಂದೆ ನಾನು.

“ನಮ್ಮದು ನಾಕ್ ಪಟ್ಟು ರಿ,” ಅಂದ ಷಡ್ಡಕ.

“ನಮ್ಮದರಾಗ ಹಳೇ ಆಟಾನೂ ನಡೀತಾವ್ರಿ.”

“ನಮ್ಮದರಾಗ ಅದಕ್ಕಿಂತ ಹಳೇವೂ ನಡೀತಾವ್ರಿ.”

ಮಾವ ಎಲೆಗೆ ಸುಣ್ಣ ಹಚ್ಚುತ್ತ, “ಹಲ್ಲೆಷ್ಟು?” ಎಂದು ಕೇಳಿದರು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವವರು ಅವರು. ಜಗತ್ತಿನಲ್ಲಿ ಮಾಲು ಪರೀಕ್ಷಿಸುವುದಕ್ಕೆ ಬೇರೆ ದಾರಿಯಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

“ಅದಕ್ಕ ಹಲ್ಲ ಇರಂಗಿಲ್ರಿ.”

“ಇರಲಿ. ನೀವು ಕಣ್ಣಲೆ ನೋಡೀರೇನು?”

“ಇಲ್ರಿ. ಇನ್ನೂ ಬಂದಿಲ್ಲ. ಯಾರೂ ನೋಡಿಲ್ಲ.”

ಮಾವ ಅಡಿಗೆಮನೆಯ ಕಡೆ ತಿರುಗಿ ಅತ್ತೆಗೆ ಕೂಗಿ ಹೇಳಿದರು. “ಕೇಳಿದೇನು? ನಿನ್ನ ಅಳಿಯಂದಿರು ಗಬ್ಬದ ಆಕಳ ಹೊಟ್ಟ್ಯಾಗ ಕೈ ಹಾಕಿ ಕರುವಿನ ಹಲ್ಲ ಎಣಸಾಕ ಹತ್ತ್ಯಾರ.”

ಒಳಗಿನಿಂದ ಅತ್ತೆ, “ಅಯ್ಯ, ಹಂಗಾರ ಛಲೋತಂಗ ಕೈ ತೊಳಕೊಂಡ ಊಟಕ್ಕ ಬರಾಕ ಹೇಳ್ರಿ,” ಅಂದರು.

ಫ್ಲೆಕ್ಸ್

ಮಷೀನ್ ಕಣ್ಣಿಗೆ ಕಾಣದ ಹೊರತು ಮಾವ ಒಪ್ಪುವವರಲ್ಲ ಎಂದು ಗೊತ್ತಾದ ಮೇಲೆ ಷಡ್ಡಕ ತನ್ನ ಅಂಗಡಿಯ ಮುಂದೆ ದೊಡ್ಡ ಫ್ಲೆಕ್ಸ್ ಕಟ್ಟಿದ. ಮಷೀನಿನ ಫೋಟೋ ಇನ್ನೂ ಎಲ್ಲಿಯೂ ಬಂದಿರಲಿಲ್ಲ. ಹಾಗಾಗಿ ನಡುವೆ ಒಂದು ಕಪ್ಪು ಡಬ್ಬಿಯ ಚಿತ್ರ ಮಾತ್ರ ಇತ್ತು. ನಮ್ಮ ಕಡೆ ಫ್ಲೆಕ್ಸ್ ಅಂದಮೇಲೆ ಶುಭ ಕೋರುವವರ ಮುಖ ಇರಲೇಬೇಕು. ಡಬ್ಬಿಯ ಸುತ್ತ ಅವನ ಗೆಳೆಯರೆಲ್ಲ ಕೈ ಮುಗಿದು ನಿಂತಿದ್ದರು. ಖಾಲಿ ಉಳಿದ ಜಾಗಕ್ಕೆ ಪ್ರಿಂಟ್ ಮಾಡುವವನು ತನ್ನ ಕಡೆಯಿಂದ ಒಂದು ಹೂವಿನ ಹಾರ ಹಾಕಿದ್ದ.

ನಾನು ಬಿಟ್ಟೇನೆಯೇ? ಮರುದಿನ ನನ್ನ ಅಂಗಡಿಯ ಮುಂದೆಯೂ ಅಂಥದ್ದೇ ಹಾರ ಹಾಕಿದ ಒಂದು ಕಪ್ಪು ಡಬ್ಬಿ ಬಂತು. ಅವನಿಗಿಂತ ಹೆಚ್ಚು ಮುಖ ಹಾಕಿಸಿದೆ. ಮೂಲೆಯ ಚಹಾದಂಗಡಿಯವನು ಎರಡೂ ಫ್ಲೆಕ್ಸಿನಲ್ಲಿ ಕೈ ಮುಗಿದಿದ್ದ. ಕೇಳಿದರೆ, “ಇಬ್ಬರೂ ನನ್ನ ಗಿರಾಕಿ ಅಲ್ಲೇನ್ರಿ,” ಅಂದ.

ಅವತ್ತು ಕಾಯಿಪಲ್ಯದ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ನನ್ನ ಫ್ಲೆಕ್ಸಿನ ಮುಂದೆ ನಿಂತಳು. ಕಪ್ಪು ಡಬ್ಬಿ ನೋಡಿದಳು, ಹಾರ ನೋಡಿದಳು, ಕೈ ಮುಗಿದವರ ಸಪ್ಪೆ ಮುಖ ನೋಡಿದಳು. ಬುಟ್ಟಿ ಇಳಿಸಿ ತಾನೂ ಕೈ ಮುಗಿದಳು.

“ಯಾರ ಹೋದರೋ ಯಪ್ಪಾ?”

“ಯಾರೂ ಹೋಗಿಲ್ಲಬೇ. ಹಳೇ ಮಷೀನ್ ಹೋಗಿ ಹೊಸಾದು ಬರತೈತಿ.”

ಅವಳಿಗೆ ಹೋದದ್ದರ ಚಿಂತೆ ಮಾತ್ರ. “ಎಷ್ಟ ವರ್ಷ ಆಗಿತ್ತು?”

“ಐದು.”

“ಅಯ್ಯ ಶಿವನ, ಕೂಸು,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬುಟ್ಟಿ ಹೊತ್ತು ರಸ್ತೆ ದಾಟಿದಳು. ಅಲ್ಲಿ ಷಡ್ಡಕನ ಫ್ಲೆಕ್ಸ್ ಕಂಡದ್ದೇ ತಿರುಗಿ ನನ್ನತ್ತ ನೋಡಿ, “ಒಂದ ಮನ್ಯಾಗ ಎರಡೇನೋ ಯಪ್ಪಾ?” ಅಂದಳು.

ಕುಳಗೇರಿ ಕ್ರಾಸ್

ಫ್ಲೆಕ್ಸಿನಿಂದ ಮಾನ ಹೋಯಿತೇ ಹೊರತು ಮಳಿಗೆ ಸಿಗಲಿಲ್ಲ. ಹುಬ್ಬಳ್ಳಿಯ ಡೀಲರ್ ಒಬ್ಬ ಹೊಸ ಮಷೀನನ್ನು ಎಲ್ಲರಿಗಿಂತ ಮೊದಲು ಕೊಡುತ್ತಾನೆ ಎಂದು ಸುದ್ದಿ ಬಂತು. ಮೊದಲ ಮಷೀನನ್ನು ಮಾವನ ಮುಂದಿಟ್ಟು, ನೋಡಿಕೊಳ್ಳಿ ಹಲ್ಲು ಅನ್ನಬೇಕೆಂದು ನಾನು ಯಾರಿಗೂ ಹೇಳದೆ ಹುಬ್ಬಳ್ಳಿ ಬಸ್ ಹತ್ತಿದೆ.

ಕುಳಗೇರಿ ಕ್ರಾಸಿನಲ್ಲಿ ಬಸ್ ಚಹಾಕ್ಕೆ ನಿಂತಿತು. ಇಳಿದು ಮಿರ್ಚಿ ಭಜಿಯ ತಾಟಿಗೆ ಕೈ ಹಾಕಿದೆ. ಅದೇ ತಾಟಿಗೆ ಇನ್ನೊಂದು ಕೈ ಬಂತು. ನೋಡಿದರೆ ಷಡ್ಡಕ. ಹಿಂದಿನ ಸೀಟಿನಲ್ಲಿ ಟವೆಲ್ ಮುಚ್ಚಿಕೊಂಡು ಮಲಗಿದ್ದವನು ಇವನೇ. ಮಾತು ಬಿಟ್ಟವರಾದರೂ ಒಂದೇ ತಾಟಿನಲ್ಲಿ ಕೈ ಇದ್ದಾಗ ಸುಮ್ಮನಿರಲು ಆಗುವುದಿಲ್ಲ.

“ಎಲ್ಲಿಗೆ ಹೊಂಟೀರಿ ಅಣ್ಣಾರ?”

“ಬಾದಾಮಿಗೆ. ಬನಶಂಕರಿಗೆ ಹರಕಿ ಇತ್ತು. ನೀ?”

ಅವನು ಭಜಿ ನುಂಗಿ, “ನಾನೂ ಬನಶಂಕರಿಗೇರಿ,” ಅಂದ.

ಸುಳ್ಳು ಹೇಳಿ ಆಗಿತ್ತು. ಬಾದಾಮಿಗೆ ಹೋಗುವವರು ಇಳಿಯಬೇಕಾದದ್ದು ಆ ಕ್ರಾಸಿನಲ್ಲೇ. ಹುಬ್ಬಳ್ಳಿ ಬಸ್ ಹಾರನ್ ಹೊಡೆಯಿತು. ಅವನು ಹತ್ತಲಿ ಎಂದು ನಾನು ನೋಡಿದೆ, ನಾನು ಹತ್ತಲಿ ಎಂದು ಅವನು ನೋಡಿದ. ಬಸ್ ನಮ್ಮಿಬ್ಬರನ್ನೂ ಬಿಟ್ಟು ಹೋಯಿತು. ನನ್ನ ಹೊಟ್ಟೆ ಉರಿಯಿತು, ಮಿರ್ಚಿಯಿಂದಲ್ಲ.

ಬಾದಾಮಿ ಬಸ್ಸಿನಲ್ಲಿ ಇಬ್ಬರಿಗೂ ಸೇರಿ ಒಂದೇ ಸೀಟು ಸಿಕ್ಕಿತು. ಗುಡಿಯಲ್ಲಿ ಪೂಜಾರಿ ಏನು ಹರಕೆ ಎಂದು ಕೇಳಿದರು.

“ಅಂಗಡಿ ಸಲುವಾಗಿ ರಿ,” ಅಂದೆ.

“ನಂದೂ ಅದ ರಿ,” ಅಂದ ಷಡ್ಡಕ.

“ಪಾಲುದಾರರೇನು?”

“ಅಲ್ರಿ,” ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಸಂಜೆ ಕುಂಕುಮ ಹಚ್ಚಿಕೊಂಡು ಮನೆಗೆ ಬಂದೆ. ಹೆಂಡತಿ ಪ್ರಸಾದ ಕಣ್ಣಿಗೊತ್ತಿಕೊಂಡು ತಿಂದಳು, ಆಮೇಲೆ ಶುರುಮಾಡಿದಳು. “ಮದಿವಿ ಆದಾಗಿಂದ ಬನಶಂಕರಿಗೆ ಕರಕೊಂಡ ಹೋಗ್ರಿ ಅನ್ನಾಕ ಹತ್ತೇನಿ, ಟೈಮ್ ಇಲ್ಲ ಅಂತೀರಿ. ಮಾತ್ ಬಿಟ್ಟವನ ಜೋಡಿ ಹೋಗಾಕ ಟೈಮ್ ಸಿಕ್ಕಿತೇನು?”

ಎದುರಿಗೇ ಇದ್ದ ಷಡ್ಡಕನ ಮನೆಯಿಂದಲೂ ಇದೇ ಮಾತು ಇದೇ ದನಿಯಲ್ಲಿ ಕೇಳಿಬರುತ್ತಿತ್ತು.

ಕಂಬಳಿ

ಹುಬ್ಬಳ್ಳಿ ಡೀಲರನ ಸುದ್ದಿ ಬರೀ ಗಾಳಿಮಾತು ಎಂದು ಆಮೇಲೆ ಗೊತ್ತಾಯಿತು. ಕೊನೆಗೆ ಮಾವನೇ ಇಬ್ಬರನ್ನೂ ಹುನಗುಂದಕ್ಕೆ ಕರೆಸಿದರು. ಮಳಿಗೆ ಖಾಲಿ ಬಿದ್ದು ಅವರಿಗೂ ಸಾಕಾಗಿತ್ತು.

“ನಿಮ್ಮ ಮಷೀನಿಗೆ ಬೆಲಿ ಎಷ್ಟಂತ?”

“ಹೇಳವಲ್ರು ರಿ,” ಅಂದೆ. “ನೀಲಿಯವರು ಹಸಿರಿನವರು ಹೇಳಲಿ ಅಂತ ಕುಂತಾರ. ಹಸಿರಿನವರು ನೀಲಿಯವರು ಹೇಳಲಿ ಅಂತ ಕುಂತಾರ. ಮೊದಲ ಹೇಳಿದವರು ಕೆಟ್ಟರು.”

ಮಾವನ ಮುಖ ಅರಳಿತು. ಇಷ್ಟು ತಿಂಗಳಲ್ಲಿ ನಮ್ಮ ಧಂದೆಯ ಒಂದು ಮಾತು ಅವರಿಗೆ ಈಗ ತಿಳಿದಿತ್ತು. “ಇದು ನಮ್ಮ ಸಂತಿ ವ್ಯಾಪಾರ ಅಲ್ಲೇನ್ರಿ,” ಅಂದರು. ದನದ ಸಂತೆಯಲ್ಲಿ ಬೆಲೆ ಬಾಯಿಂದ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ.

ಮಾವ ಕರಿ ಕಂಬಳಿ ತರಿಸಿದರು. “ಮಷೀನ್ ಬಂದಾಗ ಬರಲಿ. ಬಾಡಿಗಿ ಯಾರ ಹೆಚ್ಚ ಕೊಡ್ತೀರಿ, ಅವರಿಗೆ ಮಳಿಗಿ. ಒಂದ ಬೆರಳಿಗೆ ಒಂದ ಸಾವಿರ. ನನಗ ಒಪ್ಪಿಗಿ ಇದ್ದರ ಇಡೀ ಕೈ ಹಿಡೀತೇನಿ. ಒಬ್ಬರ ಮಾರಿ ಒಬ್ಬರು ನೋಡಿದರ ರೇಟ್ ತಿಳೀತೈತಿ, ಆ ಕಡೆ ಈ ಕಡೆ ತಿರಗಿ ಕೂಡ್ರಿ.”

ನಾನು ಕಿಟಕಿಯ ಕಡೆ ತಿರುಗಿದೆ, ಷಡ್ಡಕ ಗೋಡೆಯ ಕಡೆ. ನಡುವೆ ಮಾವ. ಇಬ್ಬರೂ ಬಲಗೈಯನ್ನು ಕಂಬಳಿಯೊಳಗೆ ಇಟ್ಟೆವು.

ಒಳಗೆ ಒಂದು ಕೈ ಸಿಕ್ಕಿತು. ಒಂದು ಬೆರಳು ಹಿಡಿದೆ. ಆ ಕೈ ನನ್ನ ಎರಡು ಬೆರಳು ಹಿಡಿಯಿತು. ಮುದುಕ ಗಟ್ಟಿ ಇದ್ದಾನೆ ಅಂದುಕೊಂಡು ಮೂರು ಹಿಡಿದೆ. ಅದು ನಾಲ್ಕು ಹಿಡಿಯಿತು. ಜೀವಮಾನವಿಡೀ ಹಗ್ಗ ಎಳೆದವರ ಕೈ ಇಷ್ಟು ಮೆತ್ತಗಿದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಮಳಿಗೆ ಹೋದರೆ ಅಂಗಡಿಯೇ ಹೋದಂತೆ, ಕೈಯ ಚಂದ ನೋಡುತ್ತ ಕೂಡುವ ಹೊತ್ತಲ್ಲ ಅದು. ಕಣ್ಣು ಮುಚ್ಚಿ ಐದೂ ಬೆರಳು ಹಿಡಿದೆ. ಆ ಕೈ ನನ್ನ ಇಡೀ ಕೈಯನ್ನು ಗಟ್ಟಿಯಾಗಿ ಅಮುಕಿತು.

“ಮುಗೀತು, ಮಳಿಗಿ ನಂದು,” ಅಂದೆ.

“ಮುಗೀತು, ಮಳಿಗಿ ನಂದು,” ಅಂದ ಷಡ್ಡಕ.

ಇಬ್ಬರೂ ತಿರುಗಿದೆವು. ನಡುವೆ ಮಾವ ಇರಲಿಲ್ಲ. ಅವರು ಅಡಿಗೆಮನೆಯ ಬಾಗಿಲಲ್ಲಿ ಕೂತು ಕಪ್ಪಿನ ಚಹಾ ಬಶಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ಕಂಬಳಿ ಸರಿಸಿದರೆ, ಒಳಗೆ ಇದ್ದದ್ದು ನನ್ನ ಕೈ ಮತ್ತು ಷಡ್ಡಕನ ಕೈ.

“ನಾ ಕೈ ಹಾಕೂದರಾಗ ನೀವ ಶುರು ಮಾಡಿದ್ರಿ,” ಅಂದರು ಮಾವ. “ಕಂಬಳಿಯೊಳಗಿನ ಮಾತು ತಪ್ಪೂಹಂಗಿಲ್ಲ. ಇಬ್ಬರದೂ ಐದೈದ ಬೆರಳು. ಮಳಿಗ್ಯಾಗ ನಡುವ ಗೆರಿ ಹೊಡೀರಿ, ಆ ಕಡೆ ನೀಲಿ, ಈ ಕಡೆ ಹಸಿರು. ಬಾಡಿಗಿ ಇಬ್ಬರೂ ಪೂರಾ ಕೊಡ್ರಿ.”

ಆಮೇಲೆ ಉಳಿದ ಚಹಾ ಸೊರ್ರೆಂದು ಹೀರಿ ಬಶಿ ಕೆಳಗಿಟ್ಟರು. “ಆ ಕಂಪನಿಯವರೂ ಹಿಂಗ ಒಬ್ಬರ ಕೈ ಒಬ್ಬರು ಹಿಡಕೊಂಡ ಕುಂತಿರಬೇಕು. ಗಿರಾಕಿ ಎದ್ದು ಚಾ ಕುಡ್ಯಾಕ ಹೋಗ್ಯಾನ, ಅವರಿಗೆ ಖಬರಿಲ್ಲ.”

ಅತ್ತೆ ನಮಗೂ ಚಹಾ ತಂದಿಟ್ಟರು. ನಾನು ಕಪ್ ಹಿಡಿಯಲು ಕೈ ಎಳೆದುಕೊಂಡೆ. ಷಡ್ಡಕ ಬಿಡಲಿಲ್ಲ.

“ಬಿಡೋ,” ಅಂದೆ.

“ಮೊದಲ ನೀವ್ ಬಿಡ್ರಿ ಅಣ್ಣಾರ,” ಅಂದ.

ಅವತ್ತು ಇಬ್ಬರೂ ಎಡಗೈಯಲ್ಲಿ ಚಹಾ ಕುಡಿದೆವು.